ಯಂತ್ರದ ಮಾರಾಟ ಬಿದ್ದಾಗ, ಅದರೊಳಗಿನ ಕೋಡ್ ಬರೆದವರು

(ಧಾರವಾಡದ ಓದುಗರೊಬ್ಬರ ಪತ್ರದ ಸಾರ: ಸರ್ವರ್ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ 11 ವರ್ಷಗಳಿಂದ ಇದ್ದೇನೆ. ಮಾರಾಟ ಇಳಿಯುತ್ತಲೇ ಇದೆ, ತಂಡ ಅರ್ಧವಾಗಿದೆ. ನಮ್ಮ ಸಾಫ್ಟ್‌ವೇರ್ ಚೆನ್ನಾಗಿದ್ದರೂ ನಾವೇಕೆ ಮುಳುಗುತ್ತಿದ್ದೇವೆ? ಇರಲೇ, ಬಿಡಲೇ? ಬಿಟ್ಟರೆ ಗ್ರಾಚ್ಯುಯಿಟಿ ಹೋಗುತ್ತದೆಂದು ತಂದೆಯವರು ಹೆದರುತ್ತಾರೆ.)

ಮಾನ್ಯರೇ,

ಹಾವೇರಿಯ ದನದ ಸಂತೆಯಲ್ಲಿ ಎತ್ತು ಮಾರುವ ರೈತ ಕೊರಳ ಗೆಜ್ಜೆಗೆ ಬೇರೆ ಬೆಲೆ ಹೇಳುವುದಿಲ್ಲ. ಯಂತ್ರ ಮಾರುವ ಕಂಪನಿಗಳ ಲೆಕ್ಕದಲ್ಲಿ ಸಾಫ್ಟ್‌ವೇರಿನ ಸ್ಥಾನ ಬಹುಪಾಲು ಇಷ್ಟೇ ಆಗಿರುವುದರಿಂದ, ಯಂತ್ರಕ್ಕೆ ಗಿರಾಕಿ ತಪ್ಪಿದ ದಿನ ಒಳ್ಳೆಯ ಸಾಫ್ಟ್‌ವೇರೂ ಖರ್ಚಿನ ಬಾಬತ್ತಾಗಿ ಕಾಣತೊಡಗುತ್ತದೆ.

1982ರಲ್ಲಿ ಆರಂಭವಾದ ಅಮೆರಿಕದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ ತನ್ನದೇ ಸ್ಪಾರ್ಕ್ ಚಿಪ್ ಮತ್ತು ಯಂತ್ರವನ್ನು ನಡೆಸುವ ಸೊಲಾರಿಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಿಂದ ಹೆಸರು ಮಾಡಿತ್ತು. 2000ದ ನಂತರ ಇಂಟರ್ನೆಟ್ ಕಂಪನಿಗಳು ಸಾಲುಸಾಲಾಗಿ ಮುಚ್ಚಿದಾಗ, ಅವು ಕೊಂಡಿದ್ದ ಸನ್ ಯಂತ್ರಗಳೇ ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಂದು ಹೊಸ ಯಂತ್ರಗಳಿಗೆ ಪೈಪೋಟಿಯಾದವು. ಇತ್ತ ಇಂಟೆಲ್ ಮಾದರಿಯ ಅಗ್ಗದ ಯಂತ್ರಗಳ ಮೇಲೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಓಡತೊಡಗಿತ್ತು. ಚಿಪ್ಪೊಂದನ್ನು ರೂಪಿಸುವ ವೆಚ್ಚ ಸಾವಿರ ಯಂತ್ರ ಮಾರಿದರೂ ಲಕ್ಷ ಮಾರಿದರೂ ಹೆಚ್ಚುಕಡಿಮೆ ಅಷ್ಟೇ. ಮಾರಾಟ ಇಳಿದಂತೆ ಒಂದೊಂದು ಯಂತ್ರದ ಮೇಲೆ ಬೀಳುವ ಭಾರ ಏರುತ್ತದೆ, ಮುಂದಿನ ಚಿಪ್ ತಡವಾಗುತ್ತದೆ, ತಡವಾಯಿತೆಂದು ಇನ್ನಷ್ಟು ಗಿರಾಕಿಗಳು ಕಳಚಿಕೊಳ್ಳುತ್ತಾರೆ. 2004ರಲ್ಲಿ ಸನ್ ತನ್ನ ಅಲ್ಟ್ರಾಸ್ಪಾರ್ಕ್ 5 ಚಿಪ್ಪನ್ನು ಅರ್ಧಕ್ಕೇ ಕೈಬಿಟ್ಟಿತು. ಅದಕ್ಕೂ ಮೊದಲು, 2002ರಲ್ಲಿ, ಇಂಟೆಲ್ ಮಾದರಿಯ ಯಂತ್ರಗಳಿಗೆ ಸೊಲಾರಿಸ್ 9 ಕೊಡುವುದನ್ನು ಮುಂದೂಡುವುದಾಗಿ ಹೇಳಿ, ಬಳಕೆದಾರರು ಸಿಡಿದೆದ್ದ ಮೇಲೆ ಮನಸ್ಸು ಬದಲಿಸಿತ್ತು. ತನ್ನ ಪೆಟ್ಟಿಗೆಯ ಹೊರಗೂ ಬಾಳಬಲ್ಲ ಸಾಫ್ಟ್‌ವೇರನ್ನು ಪೆಟ್ಟಿಗೆಗೇ ಕಟ್ಟಿಹಾಕಲು ಹೋದದ್ದು, ನನ್ನ ದೃಷ್ಟಿಯಲ್ಲಿ, ಚಿಪ್ಪಿನ ಸೋಲಿಗಿಂತ ದೊಡ್ಡ ತಪ್ಪು. 2010ರಲ್ಲಿ ಒರಾಕಲ್ ಸುಮಾರು 740 ಕೋಟಿ ಡಾಲರಿಗೆ ಆ ಕಂಪನಿಯನ್ನು ಕೊಂಡಿತು.

ಆದರೆ ಸನ್‌ನ ಎಂಜಿನಿಯರುಗಳು ಕಟ್ಟಿದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಸಾಫ್ಟ್‌ವೇರಿನ) ಮೂಲ ಕೋಡನ್ನು 2005ರಲ್ಲಿ ಬಹಿರಂಗಪಡಿಸಿದ್ದರಿಂದ ಅದು ಇಂದಿಗೂ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಲ್ಲೂ ಲಿನಕ್ಸ್‌ನಲ್ಲೂ ಬಳಕೆಯಲ್ಲಿದೆ. ಸನ್‌ನಂತೆಯೇ ಯಂತ್ರ ಮಾರುತ್ತಿದ್ದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 2006ರಲ್ಲೊಮ್ಮೆ, 2009ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಅದು ಲಿನಕ್ಸ್‌ಗೆ ಕೊಟ್ಟ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಮಾತ್ರ 2014ರಲ್ಲಿ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್‌ನ ಏಳನೆಯ ಆವೃತ್ತಿಯಲ್ಲಿ, ಬೇರೆ ಆರಿಸದಿದ್ದರೆ ತಾನಾಗಿ ಬರುವ (ಡೀಫಾಲ್ಟ್) ಕಡತ ವ್ಯವಸ್ಥೆಯಾಯಿತು.

ಆದ್ದರಿಂದ ನಿಮ್ಮ ಕೆಲಸವನ್ನು ಹೀಗೆ ಪರೀಕ್ಷಿಸಿ: ನೀವು ಬರೆಯುವ ಡ್ರೈವರುಗಳು (ಯಂತ್ರದ ಬಿಡಿಭಾಗಗಳನ್ನು ನಡೆಸುವ ಕೋಡ್) ಲಿನಕ್ಸ್‌ನ ಒಳತಿರುಳಾದ ಕರ್ನಲ್ಲಿಗೆ ನಿಮ್ಮ ಹೆಸರಿನಲ್ಲಿ ಸೇರುತ್ತಿದ್ದರೆ ಇನ್ನೊಂದೆರಡು ವರ್ಷ ಇದ್ದರೂ ನಷ್ಟವಿಲ್ಲ. ಅವು ಕಂಪನಿಯ ಬೀಗದೊಳಗೇ ಉಳಿಯುವಂತಿದ್ದರೆ, ಮುಂದಿನ ಮಾದರಿ ಬಂದರೆ ಎಲ್ಲ ಸರಿಹೋಗುತ್ತದೆಂಬ ಮೇಲಧಿಕಾರಿಗಳ ಮಾತನ್ನು (ಅವರಿಗೂ ಅದರಲ್ಲಿ ನಂಬಿಕೆ ಇದ್ದಂತಿಲ್ಲ) ಕೇಳುತ್ತ ಕೂರದೆ ಈಗಲೇ ಹೊರಡಿ. ಸಂದರ್ಶನದಲ್ಲಿ ಯಂತ್ರದ ಹೆಸರನ್ನಲ್ಲ, ಮೆಮೊರಿಯಲ್ಲೋ ಡಿಸ್ಕಿನಲ್ಲೋ ನೀವು ಪತ್ತೆ ಹಚ್ಚಿದ ಕಠಿಣ ದೋಷವನ್ನು ವಿವರಿಸಿ.

ಇನ್ನು ತಂದೆಯವರ ಭಯ. 5 ವರ್ಷ ಸತತ ಸೇವೆ ಮುಗಿಸಿದವರು ತಾವಾಗಿ ರಾಜೀನಾಮೆ ಕೊಟ್ಟರೂ ಗ್ರಾಚ್ಯುಯಿಟಿ ಸಿಗುತ್ತದೆ. ತಿಂಗಳಿಗೆ 26 ದಿನವೆಂದು ಹಿಡಿದು, ವರ್ಷಕ್ಕೆ 15 ದಿನದ ವೇತನ. ಲೆಕ್ಕಕ್ಕೆ ಬರುವ ನಿಮ್ಮ ಕೊನೆಯ ವೇತನ 52,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 30,000, 11 ವರ್ಷಕ್ಕೆ 3,30,000 ರೂಪಾಯಿ. ಇದನ್ನು ಕಾಗದದ ಮೇಲೆ ಬರೆದು ಅವರ ಕೈಗೆ ಕೊಡಿ.

— ಸಂಪಾದಕ