ದೋರು ದಡದಲ್ಲಿ ಮೂರು ರಾತ್ರಿ

ಪ್ರಶ್ನೆ: ಮೇಡಂ, ಈ ಸೆಪ್ಟೆಂಬರ್‌ಗೆ ನಮ್ಮ ಮದುವೆಯಾಗಿ 25 ವರ್ಷ. ಪೋರ್ಚುಗಲ್‌ನ ವೈನ್ ಸೀಮೆ ಸುತ್ತಿಬರಬೇಕು ಅಂತ ಆಸೆ. ಒಂಬತ್ತು ರಾತ್ರಿ ಸಿಗುತ್ತದೆ. ಪೋರ್ಟೊ, ವಿನ್ಯೊ ವೆರ್ದ್ ಸೀಮೆ, ದೋರು, ದಾಂವ್, ಬೈರಾಡಾ, ಅಲೆಂತೇಜು, ಲಿಸ್ಬನ್ ಎಂದು ಪಟ್ಟಿ ಮಾಡಿದ್ದೇನೆ. ಕಾರು ಬಾಡಿಗೆಗೆ ತಗೊಳ್ಳುವ ಯೋಚನೆ. ನಾನು ವೈನ್ ಕುಡಿಯುತ್ತೇನೆ. ಮನೆಯವಳು ಮುಟ್ಟುವುದಿಲ್ಲ, ಮಾಂಸ ಮೀನೂ ಇಲ್ಲ, ಮೊಟ್ಟೆ ಆಗುತ್ತದೆ. ಅವಳಿಗೆ ಅಲ್ಲಿ ಊಟ ಸಿಕ್ಕೀತೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಪಟ್ಟಿಗೆ ಕತ್ತರಿ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂಬತ್ತು ರಾತ್ರಿಗೆ ಏಳು ಜಾಗ ಎಂದರೆ ಸೂಟ್‌ಕೇಸ್ ಬಿಚ್ಚುವುದು, ಕಟ್ಟುವುದು, ಇಷ್ಟೇ ಆಗುತ್ತದೆ. ಪೋರ್ಟೊದಲ್ಲಿ ಮೂರು ರಾತ್ರಿ, ದೋರು ಕಣಿವೆಯ ಪಿನ್ಯಾಂವ್‌ನಲ್ಲಿ ಮೂರು, ಅಲೆಂತೇಜುವಿನ ಎವೊರಾದಲ್ಲಿ ಎರಡು, ವಿಮಾನ ಹತ್ತುವ ಮುಂಚೆ ಲಿಸ್ಬನ್‌ನಲ್ಲಿ ಒಂದು. ದಾಂವ್, ಬೈರಾಡಾ ಇನ್ನೊಂದು ಸಲಕ್ಕಿರಲಿ. ಬೈರಾಡಾದ ಹೆಸರುವಾಸಿ ಊಟ ಹಂದಿಮರಿಯ ರೋಸ್ಟ್, ನಿಮ್ಮ ಮನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಏನು ಮಾಡುತ್ತೀರಿ? ವಿನ್ಯೊ ವೆರ್ದ್‌ ಸವಿಯಲು ಆ ಸೀಮೆಗೇ ಹೋಗಬೇಕಿಲ್ಲ, ಪೋರ್ಟೊದ ಯಾವ ಹೋಟೆಲಿನಲ್ಲೂ ತಣ್ಣಗೆ ಸಿಗುತ್ತದೆ. ಹೆಸರಿಗೆ ‘ಹಸಿರು ವೈನ್’, ಬಣ್ಣ ಹಸಿರಲ್ಲ. ಎಳೆಯದರಲ್ಲೇ ಕುಡಿಯುವುದರಿಂದ ಆ ಹೆಸರು.

ಕಾರು ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ಸಲ ನಾವು ಕಾರು ತಗೊಂಡಿದ್ದೆವು. ಒಂದು ಕಿಂತಾದಲ್ಲಿ, ಅಂದರೆ ದ್ರಾಕ್ಷಿ ತೋಟದ ಎಸ್ಟೇಟಿನಲ್ಲಿ, ಐದು ಗ್ಲಾಸು ಸಾಲಾಗಿ ಜೋಡಿಸಿಟ್ಟರು. ನಮ್ಮನೆಯವರು ಡ್ರೈವರು. ಒಂದೊಂದನ್ನೂ ಮೂಗಿಗೆ ಹಿಡಿದು ನನ್ನ ಕಡೆ ತಳ್ಳಿದರು. ಸಂಜೆವರೆಗೂ ಮಾತಿಲ್ಲ. ಅಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮುಟ್ಟಿದರೆ ದಂಡ. ಸಾಲದ್ದಕ್ಕೆ ರಸ್ತೆಯ ಬಲಗಡೆ ಓಡಿಸಬೇಕು, ಬೆಟ್ಟದ ತಿರುವುಗಳು ಬೇರೆ.

ರೈಲೇ ಚೆಂದ. ಪೋರ್ಟೊದ ಸಾವ್ ಬೆಂತು ನಿಲ್ದಾಣದ ನೀಲಿ ಟೈಲ್ಸ್ ಚಿತ್ರಗಳನ್ನು ನೋಡಲು ಅರ್ಧ ಗಂಟೆ ಮುಂಚೆಯೇ ಹೋಗಿ. ಪಿನ್ಯಾಂವ್‌ಗೆ ಸುಮಾರು ಎರಡೂವರೆ ಗಂಟೆ. ಸೀಟು ರಿಸರ್ವ್ ಮಾಡುವ ಪದ್ಧತಿ ಇಲ್ಲ. ಹತ್ತಿದ ಕೂಡಲೇ ಬಲಗಡೆಯ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಏನೂ ಇಲ್ಲ, ನಿದ್ದೆ ಮಾಡಿ. ಆಮೇಲೆ ನದಿ ಬರುತ್ತದೆ, ಹಳಿಯ ಪಕ್ಕಕ್ಕೇ. ಎರಡೂ ದಡದ ಗುಡ್ಡಗಳಿಗೆ ಬುಡದಿಂದ ನೆತ್ತಿವರೆಗೆ ಕಲ್ಲಿನ ಮೆಟ್ಟಿಲು ಕಟ್ಟಿ ದ್ರಾಕ್ಷಿ ಹಾಕಿದ್ದಾರೆ. ನಡುನಡುವೆ ಕಾಡು ಬೆಳೆದ ಮೆಟ್ಟಿಲುಗಳೂ ಕಾಣುತ್ತವೆ. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಬೇರುಹುಳ ಬಂದು ಬಳ್ಳಿ ಸತ್ತವು, ಮತ್ತೆ ಅಲ್ಲಿ ಯಾರೂ ನೆಡಲಿಲ್ಲ. 1756ರಲ್ಲೇ ಮಂತ್ರಿ ಪೊಂಬಾಲ್ ಈ ಕಣಿವೆಗೆ ಗಡಿ ಹಾಕಿಸಿ, ಒಳಗೆ ಬೆಳೆದದ್ದಕ್ಕೆ ಮಾತ್ರ ಪೋರ್ಟ್ (ಇಲ್ಲಿನ ಸಿಹಿ, ಗಟ್ಟಿ ವೈನ್) ಎಂಬ ಹೆಸರು ಸಲ್ಲಬೇಕೆಂದು ಗ್ರಾನೈಟ್ ಕಲ್ಲು ನೆಡಿಸಿದ. ಅಂಥ ಕೆಲವು ಕಲ್ಲು ಇನ್ನೂ ನಿಂತಿವೆ.

ನೀವು ಸೆಪ್ಟೆಂಬರ್ ಎಂದದ್ದು ನನಗೆ ಖುಷಿ ಕೊಟ್ಟಿತು. ಅದು ಕೊಯ್ಲಿನ ಹೊತ್ತು. ಆದರೆ ಕಿಂತಾಗಳಿಗೆ ಹೇಳದೆ ಕೇಳದೆ ಹೋದರೆ ಗೇಟಿನಲ್ಲೇ ಉಳಿಯುತ್ತೀರಿ. ಎರಡು ಮೂರು ತಿಂಗಳು ಮುಂಚೆಯೇ ಬುಕ್ ಮಾಡಿ, ಬುಕ್ ಮಾಡುವಾಗ ‘ಕಾಲಲ್ಲಿ ತುಳಿಯುವುದನ್ನು ನೋಡಬಹುದೇ’ ಎಂದು ಕೇಳಿ. ನಾನು ಒಂದು ರಾತ್ರಿ ನೋಡಿದೆ. ಲಗಾರ್ ಅಂತ ಅಗಲವಾದ ಗ್ರಾನೈಟ್ ತೊಟ್ಟಿ. ಅದರಲ್ಲಿ ತೊಡೆಯವರೆಗೆ ದ್ರಾಕ್ಷಿ. ಗಂಡಸರು ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಸಾಲಾಗಿ ನಿಂತಿದ್ದರು. ಒಬ್ಬ ಎಡ, ಬಲ ಎಂದು ಕೂಗುತ್ತಾನೆ, ಸಾಲು ಇಂಚಿಂಚೇ ಮುಂದೆ ಸರಿಯುತ್ತದೆ. ನಗು ಇಲ್ಲ, ಮಾತಿಲ್ಲ. ಸುಮಾರು ಎರಡು ಗಂಟೆ ಹೀಗೇ. ಆಮೇಲೆ ಒಬ್ಬ ‘ಲಿಬೆರ್ದಾದ್’ ಎಂದು ಕೂಗಿದ, ಬಿಡುಗಡೆ ಅಂತ. ಅಕಾರ್ಡಿಯನ್ ಶುರುವಾಯಿತು, ಅದೇ ತೊಟ್ಟಿಯಲ್ಲಿ ಕುಣಿತ. ಹೊರಗೆ ಬಂದವರ ಕಾಲು ತೊಡೆವರೆಗೆ ನೇರಳೆ.

ಯಂತ್ರ ಇರುವಾಗ ಕಾಲು ಯಾಕೆ ಅಂತ ಕೇಳಿದೆ. ಕಾಲು ಸಿಪ್ಪೆಯನ್ನು ಜಜ್ಜುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ. ಪೋರ್ಟ್ ವೈನ್ ಹುಳಿಯುವುದೇ ಎರಡು ಮೂರು ದಿನ, ಅಷ್ಟರಲ್ಲಿ ಬಣ್ಣವೆಲ್ಲ ಬಿಟ್ಟುಕೊಳ್ಳಬೇಕು. ಆಮೇಲೆ ನಾಲ್ಕು ಪಾಲಿಗೆ ಸುಮಾರು ಒಂದು ಪಾಲು ದ್ರಾಕ್ಷಿ ಸ್ಪಿರಿಟ್ ಸುರಿದು ಹುಳಿಯುವುದನ್ನು ನಿಲ್ಲಿಸುತ್ತಾರೆ. ಸಿಹಿ ಹಾಗೇ ಉಳಿಯುತ್ತದೆ, ಅಮಲು 20 ಪ್ರತಿಶತದ ಹತ್ತಿರ ಹೋಗುತ್ತದೆ. ಆದ್ದರಿಂದ ರುಚಿ ನೋಡಿದ ವೈನನ್ನು ಉಗಿಯಲು ಮೇಜಿನ ಮೇಲಿಟ್ಟ ಪಾತ್ರೆ ನೋಡಿ ಸಂಕೋಚ ಪಡಬೇಡಿ. ಅಲ್ಲಿ ಎಲ್ಲರೂ ಉಗಿಯುತ್ತಾರೆ.

ನಿಮ್ಮವರಿಗೆ ಹೊತ್ತು ಹೋಗುವ ಚಿಂತೆ ಇಲ್ಲ. ಮೆಟ್ಟಿಲ ಅಂಚಿಗೆ ಆಲಿವ್ ಮರ ಹಾಕಿರುತ್ತಾರೆ. ಎಷ್ಟೋ ಕಿಂತಾಗಳಲ್ಲಿ ಎಣ್ಣೆಯ ರುಚಿಯನ್ನೂ ತೋರಿಸುತ್ತಾರೆ. ಪಿನ್ಯಾಂವ್ ಕಟ್ಟೆಯಿಂದ ದೋಣಿಯೂ ಇದೆ.

ಇನ್ನು ಊಟ. ಕಷ್ಟ ಇದೆ, ಉಪವಾಸ ಇಲ್ಲ. ‘ಸೆಂ ಕಾರ್ನ್, ಸೆಂ ಪೇಯ್ಶ್’ ಎಂಬ ಮಾತನ್ನು ಬಾಯಿಪಾಠ ಮಾಡಿಸಿ: ಮಾಂಸ ಬೇಡ, ಮೀನು ಬೇಡ. ಕಾಲ್ದು ವೆರ್ದ್ ಎಂಬ ಸೊಪ್ಪಿನ ಸೂಪು ನೋಡಲು ಸಸ್ಯಾಹಾರ, ಮೇಲೆ ಸಾಸೇಜ್ ಚೂರು ತೇಲುತ್ತಿರುತ್ತದೆ. ಕೇಳದೆ ಚಮಚ ಹಾಕಬೇಡಿ. ‘ಪೇಯ್ಶಿನ್ಯುಶ್ ದ ಒರ್ತಾ’ ಎಂದರೆ ‘ತೋಟದ ಪುಟ್ಟ ಮೀನು’, ಹೆಸರು ಕೇಳಿ ಹೆದರಬೇಡಿ. ಅದು ಬೀನ್ಸ್ ಬಜ್ಜಿ ಅಷ್ಟೇ. ಇದನ್ನೇ ಪೋರ್ಚುಗೀಸರು ಜಪಾನಿಗೆ ಒಯ್ದು ಅಲ್ಲಿ ತೆಂಪುರಾ ಆಯಿತು ಎನ್ನುತ್ತಾರೆ. ಚೀಸ್‌ನಲ್ಲಿ ರೆನೆಟ್, ಅಂದರೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು, ಇರುತ್ತದಲ್ವಾ ಅಂತ ನಿಮ್ಮವರು ಕೇಳಬಹುದು. ಸೆರಾ ದ ಎಶ್ತ್ರೇಲಾ ಎಂಬ ಕುರಿಹಾಲಿನ ಚೀಸನ್ನು ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕುತ್ತಾರೆ. ಮೇಲಿನ ಸಿಪ್ಪೆ ಕತ್ತರಿಸಿ ಚಮಚದಲ್ಲಿ ತೆಗೆದು ತಿನ್ನಬೇಕು, ಅಷ್ಟು ಮೆತ್ತಗೆ.

ಎವೊರಾ ಸೇರಿಸಿದ್ದೇ ಅವರಿಗಾಗಿ. ಅಲ್ಲಿ ಅಸೋರ್ದಾ ಕೇಳಿ, ಒಣಮೀನು ಹಾಕದ್ದು. ಬೆಳ್ಳುಳ್ಳಿ, ಉಪ್ಪು, ಹಿಡಿ ಕೊತ್ತಂಬರಿ ಸೊಪ್ಪು ಕಲ್ಲಲ್ಲಿ ಜಜ್ಜಿ, ಆಲಿವ್ ಎಣ್ಣೆ ಬಿಟ್ಟು, ಕುದಿನೀರು ಹೊಯ್ದು, ನಿನ್ನೆಯ ಬ್ರೆಡ್ ಮುರಿದು ಹಾಕಿ ಮೇಲೊಂದು ಮೊಟ್ಟೆ. ಬಡವರ ಅಡುಗೆ. ಬಟ್ಟಲಿನ ಆವಿ ಮುಖಕ್ಕೆ ಬಡಿದಾಗ ನನಗೆ ಕುಮಟೆಯ ಅಡುಗೆಮನೆ ನೆನಪಾಯಿತು. ನಮ್ಮ ಬಟಾಟೆ ಅಲ್ಲಿಯೂ ಬಟಾಟಾ ಎನ್ನುವುದನ್ನು ಮೊದಲ ದಿನ ಸಂತೆಯಲ್ಲಿ ಕೇಳಿದ್ದೆ. ನಿಮ್ಮ ಕಡೆಯ ಚಾವಿ, ಪಗಾರ ಕೂಡ ಪೋರ್ಚುಗೀಸರಿಂದಲೇ ಬಂದ ಮಾತು.

ಎವೊರಾ ದಾರಿಯಲ್ಲಿ ತೊಗಟೆ ಸುಲಿದ ಕೆಂಪು ಮರಗಳು ಕಾಣುತ್ತವೆ, ಕಾಂಡದ ಮೇಲೆ ಬಿಳಿ ಅಂಕಿ. ಬಾಟ್ಲಿಯ ಬಿರಡೆ ಬರುವುದು ಅದರಿಂದಲೇ. 3 ಎಂದಿದ್ದರೆ 2023ರಲ್ಲಿ ಸುಲಿದದ್ದು. ಒಂಬತ್ತು ವರ್ಷ ಮತ್ತೆ ಮುಟ್ಟುವಂತಿಲ್ಲ.

ಒಂದು ಎಚ್ಚರಿಕೆ. ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸು ತಂದಿಡುತ್ತಾರೆ. ಪೋರ್ಟೊದ ಒಂದು ಹೋಟೆಲಿನಲ್ಲಿ ನಾವು ಸುಮ್ನೆ ಕೊಟ್ಟಿದ್ದು ಅಂದುಕೊಂಡು ಎರಡು ತಟ್ಟೆ ಖಾಲಿ ಮಾಡಿದೆವು. ಬಿಲ್ಲಿನಲ್ಲಿ ಎಲ್ಲ ಇತ್ತು. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ಮಧ್ಯಾಹ್ನ ಮೂರರ ಮೇಲೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತದೆ, ರಾತ್ರಿ ಏಳೂವರೆವರೆಗೆ ಒಲೆ ಹೊತ್ತುವುದಿಲ್ಲ. ಪರ್ಸಿನಲ್ಲಿ ಚಕ್ಕುಲಿ ಇರಲಿ.

ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ಇನ್ಶೂರೆನ್ಸ್ ಬೇಕೇ ಬೇಕು. ಬೇಸಿಗೆಗೆ ನೂಕುನುಗ್ಗಲು, ತಡ ಮಾಡಬೇಡಿ.

ಪ್ರಶ್ನೆ: ಹೋದ ತಿಂಗಳು ಪೋರ್ಟೊಗೆ ಹೊರಟವರು ಕೇಳಿದ್ದು: ಮನೆಗೆ ಯಾವ ಬಾಟ್ಲಿ ತರಲಿ, ಎಷ್ಟು ತರಬಹುದು?

ಉತ್ತರ: ನದಿಯಾಚೆ ಗಾಯಾ ಊರಿನ ವೈನ್ ಗೋದಾಮುಗಳಲ್ಲಿ ವಿಂಟೇಜ್ ಪೋರ್ಟ್, ಅಂದರೆ ಒಂದೇ ವರ್ಷದ ಕೊಯ್ಲಿನದು, ತೋರಿಸಿ ಆಸೆ ಹುಟ್ಟಿಸುತ್ತಾರೆ. ಒಮ್ಮೆ ತೆಗೆದರೆ ಒಂದೆರಡು ದಿನದಲ್ಲಿ ಮುಗಿಸಬೇಕು, ಇಬ್ಬರೇ ಇರುವ ಮನೆಗೆ ಆಗದ ಮಾತು. ಹತ್ತು ವರ್ಷದ ಟಾನಿ ತಗೊಳ್ಳಿ. ಮರದ ಪೀಪಾಯಿಯಲ್ಲೇ ಗಾಳಿ ಕುಡಿದು ಹಣ್ಣಾಗಿರುತ್ತದೆ, ತೆಗೆದ ಮೇಲೂ ಫ್ರಿಜ್‌ನಲ್ಲಿ ಕೆಲವು ವಾರ ಕೆಡುವುದಿಲ್ಲ. ಗೋಡಂಬಿ, ಬಾದಾಮಿ ಜೊತೆ ಬಹಳ ಚೆನ್ನ. ಭಾರತಕ್ಕೆ ಸುಂಕವಿಲ್ಲದೆ ತಲಾ ಎರಡು ಲೀಟರ್ ತರಬಹುದು. 750 ಮಿಲಿಯವು ಎರಡು, 500 ಮಿಲಿಯದು ಒಂದು, ಲೆಕ್ಕ ಸರಿಯಾಯಿತು. ಕೈಚೀಲದಲ್ಲಿ ಬಿಡುವುದಿಲ್ಲ. ಚೆಕ್-ಇನ್ ಪೆಟ್ಟಿಗೆಯ ನಡುವೆ, ಹಳೆ ಲುಂಗಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಡಿ. ಬಿಳಿ ಸೀರೆಗಳನ್ನು ಮಾತ್ರ ಬೇರೆ ಪೆಟ್ಟಿಗೆಗೆ ಹಾಕಿ.