ಉತ್ತರ ಕನ್ನಡದ ಅಘನಾಶಿನಿ ನದಿ ದಂಡೆಯ ಊರಲ್ಲಿ ಪ್ರವಾಸದ ದುಡ್ಡಿನಿಂದಲೇ ಬಳಚು (ತಿನ್ನುವ ಚಿಪ್ಪುಜೀವಿ), ಕಾಂಡ್ಲಾದ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಮರ) ಅಧ್ಯಯನ ನಡೆಸಬಹುದೇ?

ನಡೆಸಬಹುದು. ಆದರೆ ಅದನ್ನಷ್ಟೇ ನಂಬಿ ಕೂರಬೇಡಿ. ಮಳೆಗಾಲದಲ್ಲಿ ಪ್ರವಾಸಿಗರೂ ಇಲ್ಲ, ದುಡ್ಡೂ ಇಲ್ಲ, ಅಲ್ವಾ?

ಮೊದಲು ಗ್ರಾಮ ಪಂಚಾಯ್ತಿಗೆ ಹೋಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಗ್ಗೆ ಕೇಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇದು ಇರಲೇಬೇಕು. ಎಷ್ಟೋ ಕಡೆ ಕಾಗದದ ಮೇಲಷ್ಟೇ ಇದೆ, ಅದು ಬೇರೆ ಮಾತು. ಊರಿನ ಜೀವಸಂಪತ್ತನ್ನು ವ್ಯಾಪಾರಕ್ಕೆಂದು ಸಂಗ್ರಹಿಸುವವರಿಂದ ಸಮಿತಿ ಶುಲ್ಕ ಪಡೆಯಬಹುದು. ಅದು ಸ್ಥಳೀಯ ಜೀವವೈವಿಧ್ಯ ನಿಧಿಗೆ ಸೇರುತ್ತದೆ, ಸರ್ಕಾರದ ಅನುದಾನವೂ ಅಲ್ಲಿಗೇ ಬರಬಹುದು.

ಸಂಶೋಧನೆ ಅಂದಕೂಡಲೇ ಲಕ್ಷಗಟ್ಟಲೆ ಖರ್ಚು ಅಂದುಕೊಳ್ಳಬೇಡಿ. ಪ್ರತಿ ತಿಂಗಳು ನೀರಿನ ಇಳಿತದ ಹೊತ್ತಿಗೆ ಅದೇ ನಾಲ್ಕೈದು ಜಾಗದಲ್ಲಿ ಬಳಚು ಎಷ್ಟಿದೆ, ಗಾತ್ರ ಎಷ್ಟು ಅಂತ ಬರೆದಿಟ್ಟರೆ ಒಳ್ಳೆಯ ಆರಂಭ. ಒಂದು ತಕ್ಕಡಿ, ಅಳತೆಪಟ್ಟಿ, ನೋಟ್‌ಬುಕ್, ದೋಣಿ ಖರ್ಚು ಸಾಕು. ಬಳಚು ಹೆಕ್ಕುವ ಹೆಂಗಸರಿಗೇ ಈ ಕೆಲಸ ಕೊಡಿ, ಆದರೆ ಸುಮ್ನೆ ಮಾಡಿಸಬೇಡಿ, ದಿನಗೂಲಿ ಕೊಡಿ. ವಿಧಾನ ಸರಿಯಿದೆಯಾ ಅಂತ ಕಾರವಾರದ ಕೋಡಿಬಾಗದಲ್ಲಿರುವ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಕಾಂಡ್ಲಾಕ್ಕೆ ಶಿರಸಿಯ ಅರಣ್ಯ ಕಾಲೇಜು ಹತ್ತಿರ.

ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆಂದು ಕೊಡುವ) ಹಣಕ್ಕೆ ಅರ್ಜಿ ಹಾಕುವಾಗ, ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದನ್ನು ಮರೆಯದೆ ಬರೆಯಿರಿ.

ಇನ್ನು ಪ್ರವಾಸ. ದೋಣಿ ಸುತ್ತಾಟ, ಮನೆಯೂಟ ಎಲ್ಲದರಲ್ಲೂ ತಲೆಗೆ ಇಷ್ಟು ಅಂತ ತೆಗೆದು ಅಧ್ಯಯನಕ್ಕೆಂದೇ ಬೇರೆ ಖಾತೆಗೆ ಹಾಕಿ. ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ. ಜಗಳ ಜಾಸ್ತಿ ಹುಟ್ಟುವುದು ದುಡ್ಡಿನ ಲೆಕ್ಕದಲ್ಲೇ.