ಯೂಸ್ ಕೇಸ್ ಚಿತ್ರ ಬರೆದರೆ ತಂತ್ರಾಂಶದ ಅಗತ್ಯಗಳೆಲ್ಲ ದಾಖಲಾದಂತೆಯೇ?

ಇಲ್ಲ, ಚಿತ್ರವೊಂದೇ ಸಾಲದು. ವ್ಯವಸ್ಥೆಯ ಹೊರಗಿರುವ ಒಬ್ಬ ಬಳಕೆದಾರ ಅಥವಾ ಇನ್ನೊಂದು ವ್ಯವಸ್ಥೆ, ಅಂದರೆ 'ಆಕ್ಟರ್', ತನ್ನ ಒಂದು ಉದ್ದೇಶವನ್ನು ಸಾಧಿಸಿಕೊಳ್ಳಲು ನಮ್ಮ ವ್ಯವಸ್ಥೆಯೊಂದಿಗೆ ನಡೆಸುವ ವ್ಯವಹಾರದ ಹಂತ ಹಂತದ ವಿವರಣೆಯೇ ಯೂಸ್ ಕೇಸ್. ಸ್ವೀಡನ್ನಿನ ಐವರ್ ಜೇಕಬ್‌ಸನ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ತಂತ್ರಾಂಶದ ರಚನೆಯನ್ನು ಚಿತ್ರಗಳಲ್ಲಿ ತೋರಿಸುವ ಭಾಷೆಯಾಗಿ 1997ರಲ್ಲಿ ಮಾನದಂಡವಾದ ಯುಎಂಎಲ್‌ನಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ಆಕ್ಟರ್ ಅನ್ನು ಸೂಚಿಸುವ ಕಡ್ಡಿಯಂಥ ಮನುಷ್ಯಾಕೃತಿ ಮತ್ತು ಯೂಸ್ ಕೇಸ್ ಅನ್ನು ಸೂಚಿಸುವ ಅಂಡಾಕೃತಿಗಳ ಚಿತ್ರವು ವ್ಯವಸ್ಥೆಯ ಗಡಿಯನ್ನು ತೋರಿಸುತ್ತದೆ, ಅಷ್ಟೆ.

ಎಟಿಎಂನಿಂದ ಹಣ ತೆಗೆಯುವುದನ್ನು ನೋಡಿ. ಗ್ರಾಹಕ ಮುಖ್ಯ ಆಕ್ಟರ್. ಬ್ಯಾಂಕಿನ ಕೇಂದ್ರ ಗಣಕ ವ್ಯವಸ್ಥೆ ಪೋಷಕ ಆಕ್ಟರ್. ಕಾರ್ಡ್ ಹಾಕಿ, ಪಿನ್ ಒತ್ತಿ, ಮೊತ್ತ ನಮೂದಿಸಿ, ಹಣ ಪಡೆಯುವ ಮುಖ್ಯ ಹರಿವನ್ನು ಯಾರಾದರೂ ಹತ್ತು ನಿಮಿಷದಲ್ಲಿ ಬರೆದಾರು. ನಿಜವಾದ ಅಗತ್ಯಗಳು ಹೊರಬೀಳುವುದು ಪ್ರತಿ ಹಂತದಲ್ಲೂ "ಇಲ್ಲಿ ಏನು ತಪ್ಪಬಹುದು?" ಎಂದು ಕೇಳಿದಾಗ: ಪಿನ್ ಮೂರು ಬಾರಿ ತಪ್ಪಿದರೆ ಏನು, ಕೇಳಿದ ಮೊತ್ತಕ್ಕೆ ತಕ್ಕ ನೋಟುಗಳು ಯಂತ್ರದಲ್ಲಿಲ್ಲದಿದ್ದರೆ ಏನು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಖಾತೆಯಿಂದ ಹಣ ಕಡಿತವಾಗಿಯೂ ನೋಟು ಹೊರಬರದಿದ್ದರೆ ಆ ಮೊತ್ತವನ್ನು ಯಾವ ದಾಖಲೆಯ ಆಧಾರದ ಮೇಲೆ ಯಾರು ಹಿಂದಿರುಗಿಸಬೇಕು? ಈ ಪರ್ಯಾಯ ಹರಿವುಗಳನ್ನು ಗ್ರಾಹಕರ ಮತ್ತು ಬ್ಯಾಂಕ್ ಸಿಬ್ಬಂದಿಯ ಜೊತೆ ಕುಳಿತು, ಅವರದೇ ಮಾತಿನಲ್ಲಿ ಬರೆಯುವುದು ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ. "ಪಿನ್ ಪರಿಶೀಲಿಸು" ಎಂಬುದನ್ನು ಪ್ರತ್ಯೇಕ ಉದ್ದೇಶವೆಂದು ಎಣಿಸಬೇಡಿ; ಅದಕ್ಕಾಗಿಯೇ ಯಾರೂ ಎಟಿಎಂಗೆ ಬರುವುದಿಲ್ಲ. ಪ್ರತಿಕ್ರಿಯೆಯ ವೇಗ, ಭದ್ರತೆಯಂಥ ಗುಣಾತ್ಮಕ ಅಗತ್ಯಗಳು ಮಾತ್ರ ಈ ಹರಿವುಗಳಲ್ಲಿ ಪೂರ್ತಿಯಾಗಿ ಹಿಡಿಸುವುದಿಲ್ಲವಾದ್ದರಿಂದ ಅವುಗಳನ್ನು ಬೇರೆಯಾಗಿಯೇ ದಾಖಲಿಸಬೇಕು.